ಚೀಲ ತುಳಿದವನ ಜ್ವರ

ಹೇಳಿಬಿಡಲೇ? ಹೇಳುವುದಾದರೆ ಯಾವ ಮಾತಿನಲ್ಲಿ? ಅಪ್ಪ, ನಿನ್ನ ತೋಳಿನ ನರಕ್ಕೆ ಹನಿ ಹನಿಯಾಗಿ ಇಳಿಯುತ್ತಿರುವುದು ಜೀವ ಇರುವ ಕ್ರಿಮಿ ಎಂದೇ? ಔಷಧಿ ಎಂದರೆ ಸುಳ್ಳಾಗುವುದಿಲ್ಲ. ಕ್ರಿಮಿ ಎಂದರೂ ಸುಳ್ಳಲ್ಲ. ಎರಡರಲ್ಲಿ ಒಂದನ್ನು ಮಾತ್ರ ಹೇಳಿದರೆ ಅದಕ್ಕೆ ಏನೆನ್ನಬೇಕು? ನಾಳೆ ಹೇಳಿದರಾಯಿತೇ? ಊರಿಗೆ ಹೋದ ಮೇಲೆ, ಅವ್ವ ಇಲ್ಲದಾಗ? ಅಪ್ಪನಿಗೆ ಹೇಳಿದರೆ ಅವ್ವನಿಗೆ ಹೇಳಿದಂತೆ. ಅವ್ವನಿಗೆ ಹೇಳಿದರೆ ಊರಿಗೇ ಹೇಳಿದಂತೆ.

ನಟರಾಜ ಮಂಚದ ಪಕ್ಕ ನಿಂತಿದ್ದ. ಹಾಸನದ ಹೊರವಲಯದ ಒಂದು ಖಾಸಗಿ ಕ್ಯಾನ್ಸರ್ ಆಸ್ಪತ್ರೆ. ಶುಕ್ರವಾರ, ಬೆಳಗಿನ ಹನ್ನೊಂದು ಗಂಟೆ. ಮಂಚದ ಮೇಲೆ ಅವನ ಅಪ್ಪ ಶಿವಯ್ಯ. ವಯಸ್ಸು ಅರವತ್ತೆರಡು. ಬಲಗಡೆ ಪಕ್ಕೆಯಲ್ಲಿ ಎರಡು ರಂಧ್ರದ ಗುರುತು. ಅಲ್ಲಿಂದ ಮೂರು ತಿಂಗಳಲ್ಲಿ ನಾಲ್ಕು ಸಲ ನೀರು ತೆಗೆದಿದ್ದರು. ಪ್ರತಿ ಸಲವೂ ಒಂದೂವರೆ ಲೀಟರು, ಚಹಾದ ಬಣ್ಣದ್ದು.

"ಏನ್ಲಾ ಇದು, ಬರೀ ನೀರ್ ಇದ್ದಂಗೈತೆ?" ಶಿವಯ್ಯ ಮೇಲೆ ತೂಗುತ್ತಿದ್ದ ಚೀಲ ನೋಡಿ ಕೇಳಿದ.

"ಹೊಸ ಔಷಧಿ ಅಪ್ಪ."

"ಉರಿ ಇಲ್ಲ, ವಾಸ್ನೆ ಇಲ್ಲ. ಕ್ಯಾನ್ಸರ್‌ಗೆ ಅಂದ್ರೆ ಇನ್ನೂ ಜೋರಾಗಿರ್ತದೆ ಅನ್ಕೊಂಡಿದ್ದೆ."

"ಜೋರಿನದು ಆಮೇಲೆ ಕೊಡ್ತಾರೆ."

ಅಷ್ಟೇ ಹೇಳಿದ. ಅರ್ಕಲಗೂಡಿನ ಕಾಲೇಜೊಂದರಲ್ಲಿ ನಟರಾಜ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕ. ಬ್ಯಾಕ್ಟೀರಿಯಾ ಎಂದರೇನು ಎಂದು ವರ್ಷಕ್ಕೆ ಎರಡು ಸಲ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡುತ್ತಿದ್ದ. ಅಪ್ಪನ ಎದುರು ಆ ಪಾಠ ಬಾಯಿಗೆ ಬರಲಿಲ್ಲ.

ಕಾಯಿಲೆಗೆ ಮೀಸೋಥೀಲಿಯೋಮಾ ಎಂದು ಹೆಸರು. ಶ್ವಾಸಕೋಶದ ಸುತ್ತ ಇರುವ ಪೊರೆಯ ಕ್ಯಾನ್ಸರ್. ಕಲ್ನಾರಿನ ಧೂಳು ಒಳಗೆ ಹೋದ ಮೂವತ್ತು, ನಲವತ್ತು ವರ್ಷಕ್ಕೆ ಬರುತ್ತದೆ. ಬರೀ ಕಿಮೋ ಕೊಟ್ಟರೆ ಒಂದು ವರ್ಷ ಎಂದು ಡಾಕ್ಟರ್ ಕೇದಾರ್ ಹೇಳಿದ್ದರು. ಆಮೇಲೆ ಪ್ರಯೋಗದ ವಿಷಯ ತೆಗೆದರು. ರೋಗ ತರುವ ಶಕ್ತಿ ಕಿತ್ತು ಹಾಕಿದ ಬ್ಯಾಕ್ಟೀರಿಯಾವನ್ನು ರಕ್ತಕ್ಕೆ ಬಿಡುವುದು. ಅದು ಗಡ್ಡೆಯ ಗುರುತೊಂದನ್ನು ಹೊತ್ತು ಹೋಗುತ್ತದೆ. ಅದನ್ನು ಹಿಡಿಯಲು ಏಳುವ ಮೈಯ ಕಾವಲು ಗಡ್ಡೆಯನ್ನೂ ಗುರುತಿಸಿ ಕೊಲ್ಲಲು ಕಲಿಯುತ್ತದೆ. ಹದಿನೈದು ದಿನಕ್ಕೊಮ್ಮೆಯಂತೆ ಎರಡು ಸಲ ಇದು. ಆಮೇಲೆ ಆರು ಸಲ ಕಿಮೋ. ಎರಡೂ ಸೇರಿದರೆ ಗಡ್ಡೆ ಕುಗ್ಗಬಹುದು. ಬಹುದು ಎಂಬುದನ್ನು ಡಾಕ್ಟರು ಎರಡು ಸಲ ಹೇಳಿದರು. ಅವರು ಸುಳ್ಳು ಹೇಳಲಿಲ್ಲ. ಆದರೆ ಇಂಗ್ಲಿಷಿನಲ್ಲಿ ಹೇಳಿದರು. ನಟರಾಜನಿಗೆ ಹೇಳಿದರು. ಶಿವಯ್ಯ ಪಕ್ಕದಲ್ಲೇ ಕೂತು ಇಬ್ಬರ ಬಾಯಿಯನ್ನೂ ನೋಡುತ್ತಿದ್ದ.

ಒಪ್ಪಿಗೆ ಪತ್ರ ಇಪ್ಪತ್ತೆರಡು ಪುಟ. ಎಲ್ಲ ಇಂಗ್ಲಿಷು. ಪ್ರಯೋಗದ ಕಾಗದ ಪತ್ರ ನೋಡಿಕೊಳ್ಳುವ ಹಂಸ ಎಂಬಾಕೆ ಅದನ್ನು ನಟರಾಜನ ಕೈಗಿಟ್ಟಳು.

"ಕನ್ನಡದ್ದು ಇಲ್ವಾ ಮೇಡಂ?"

"ಪ್ರಿಂಟಿಗೆ ಹೋಗಿದೆ. ಬರುತ್ತೆ. ನೀವು ಎಜುಕೇಟೆಡ್ ಇದ್ದೀರಲ್ಲ ಸರ್, ನೀವೇ ಹೇಳ್ಬಿಡಿ ಅವರಿಗೆ."

ನಟರಾಜ ಕಾರಿಡಾರಿನ ಬೆಂಚಿನ ಮೇಲೆ ಕೂತು ಇಡೀ ಪತ್ರ ಓದಿದ. ಹನ್ನೊಂದನೆಯ ಪುಟವನ್ನು ಎರಡು ಸಲ ಓದಿದ. ಔಷಧಿ ಇಳಿದ ಮೇಲೆ ಜ್ವರ ಬರುತ್ತದೆ. ಮೈ ಎಚ್ಚರಗೊಂಡಿದೆ ಎಂಬುದರ ಗುರುತು ಅದು. ಕೇಳದೆ ಆಂಟಿಬಯಾಟಿಕ್ ತೆಗೆದುಕೊಳ್ಳಬಾರದು. ತೆಗೆದುಕೊಂಡರೆ ಬ್ಯಾಕ್ಟೀರಿಯಾ ಸಾಯುತ್ತದೆ, ರೋಗಿಯನ್ನು ಪ್ರಯೋಗದಿಂದ ಕೈಬಿಡಲಾಗುತ್ತದೆ. ಅದರ ಕೆಳಗೆ ಇನ್ನೊಂದು ಸಾಲು. ಇದೇ ಜಾತಿಯ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ಕಾಯಿಸದ ಹಾಲಿನಲ್ಲಿ ಸಹಜವಾಗಿ ಇರುತ್ತದೆ.

ಹಾಲು ಎಂಬ ಪದದ ಮೇಲೆ ನಟರಾಜನ ಕಣ್ಣು ನಿಂತಿತು.

ಹಂಸ ಮೊಬೈಲು ಹಿಡಿದು ಬಂದಳು. ವಿಡಿಯೋ ಮಾಡಬೇಕಿತ್ತು. "ಎಲ್ಲಾ ಅರ್ಥ ಆಯ್ತು, ನಾನು ಒಪ್ಪಿದ್ದೀನಿ ಅಂತ ಹೇಳಿ ತಾತ."

"ಎಲ್ಲಾ ಅರ್ಥ ಆಯ್ತು. ಒಪ್ಪಿವ್ನಿ," ಎಂದ ಶಿವಯ್ಯ. ಹೆಬ್ಬೆಟ್ಟು ಒತ್ತಿದ. ಸಾಕ್ಷಿಯ ಜಾಗದಲ್ಲಿ ನಟರಾಜ ರುಜು ಹಾಕಿದ.

ಹೊಳೆನರಸೀಪುರ ತಾಲ್ಲೂಕಿನ ಕರೇಗುಡ್ಡದ ಪಾಳ್ಯ ಅವರ ಊರು. ಅವರದು ಊರಲ್ಲ, ಊರಾಚೆಯ ಕಾಲೋನಿ. ಗುಡ್ಡದಲ್ಲಿ ಕಲ್ನಾರು ಸಿಗುತ್ತಿತ್ತು. ಕಲ್ಲೊಳಗಿನ ನಾರು. ಬೆಳ್ಳಗೆ, ರೇಷ್ಮೆಯಂತೆ ಮೆತ್ತಗೆ. ಗಣಿಯವರು ಗುಂಡಿ ತೋಡಿಸುತ್ತಿದ್ದರು. ಗಂಡಸರು ಕಲ್ಲು ಒಡೆದು ಮೇಲೆ ತರುತ್ತಿದ್ದರು. ಹೆಂಗಸರು ಸಾಲಾಗಿ ಕೂತು ಸುತ್ತಿಗೆಯಿಂದ ಜಜ್ಜಿ ನಾರು ಬಿಡಿಸುತ್ತಿದ್ದರು. ಹಗುರ ಮೈಯ ಹುಡುಗರಿಗೆ ಚೀಲ ತುಳಿಯುವ ಕೆಲಸ.

ನಾರು ಹಗುರ. ಸುಮ್ಮನೆ ತುಂಬಿದರೆ ಚೀಲಕ್ಕೆ ತೂಕ ಬರುವುದಿಲ್ಲ. ಗೋಣಿಚೀಲದ ಬಾಯನ್ನು ಮರದ ಚೌಕಟ್ಟಿಗೆ ಕಟ್ಟಿ ನೇತುಹಾಕಿ, ಹುಡುಗನನ್ನು ಅದರೊಳಕ್ಕೆ ಇಳಿಸುತ್ತಿದ್ದರು. ಮೇಲಿನಿಂದ ಮಂಕರಿಯಲ್ಲಿ ನಾರು ಸುರಿಯುವುದು. ಒಳಗಿನಿಂದ ಹುಡುಗ ತುಳಿಯುವುದು. ತುಳಿದಂತೆ ಚೀಲ ತುಂಬುತ್ತದೆ, ಹುಡುಗ ಮೇಲೆ ಬರುತ್ತಾನೆ. ಮೊಣಕಾಲು, ಸೊಂಟ, ಎದೆ. ಮೊದಲಿಗೆ ತಲೆಯ ಮೇಲೆ ಸುರಿದದ್ದು ಕೊನೆಗೆ ಕಾಲ ಕೆಳಗೆ. ಶಿವಯ್ಯ ಹದಿಮೂರನೆಯ ವಯಸ್ಸಿನಲ್ಲಿ ಚೀಲಕ್ಕೆ ಇಳಿದ. ದಿನಕ್ಕೆ ಹದಿನಾಲ್ಕು ಚೀಲ. ಐದು ವರ್ಷ ತುಳಿದ. ಕಾಲು ಉದ್ದವಾದ ಮೇಲೆ ಗುಂಡಿಗೆ ಇಳಿಸಿದರು. ಗಣಿ ಮುಚ್ಚುವವರೆಗೂ ಅಲ್ಲೇ.

ಸಂಜೆ ಗುಡ್ಡ ಇಳಿದು ಬರುವವರ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲಾ ಬೆಳ್ಳಗೆ. ಊರಿನ ಬಾವಿಯ ಹತ್ತಿರ ನಿಂತರೆ ಗೌಡರ ಮನೆಯ ಹೆಂಗಸರು ಮಾರು ದೂರದಿಂದ ಬೊಗಸೆಗೆ ನೀರು ಬಿಡುತ್ತಿದ್ದರು. ಮುಟ್ಟಬಾರದವರು ಎಂದು ಮೊದಲಿನಿಂದಲೂ ದೂರ. ಧೂಳಿನವರು ಎಂದು ಇನ್ನೂ ಒಂದು ಮಾರು ದೂರ. ಧೂಳಿನಿಂದ ಕೆಡುಕಿದೆ ಎಂದು ಆ ಹೆಂಗಸರಿಗೆ ಗೊತ್ತಿತ್ತು ಎಂದಲ್ಲ. ಕಾಲೋನಿಯವರಿಗೂ ಗೊತ್ತಿರಲಿಲ್ಲ. ಕಾಲೋನಿಯ ಹೆಂಗಸರು ಉಳಿಕೆ ನಾರನ್ನು ಸೆರಗಿನಲ್ಲಿ ತಂದು ಒಲೆಯ ಮಣ್ಣಿಗೆ ಕಲಸುತ್ತಿದ್ದರು. ಕಲ್ನಾರು ಕಲಸಿದ ಒಲೆ ಎಷ್ಟು ಉರಿದರೂ ಸೀಳು ಬಿಡುವುದಿಲ್ಲ. ಗಣಿಯಿಂದ ಕಾಲೋನಿಗೆ ಬಂದ ಒಳ್ಳೆಯದು ಅದೊಂದೇ ಎಂದು ಅವರು ತಿಳಿದಿದ್ದರು.

ನಟರಾಜ ಇದನ್ನೆಲ್ಲ ಆಸ್ಪತ್ರೆಯಲ್ಲಿ ಹೇಳಿದ್ದ. "ಎಕ್ಸ್‌ಪೋಷರ್ ಹಿಸ್ಟರಿ ಸ್ಟ್ರಾಂಗ್ ಇದೆ," ಎಂದು ಹಂಸ ಕಂಪ್ಯೂಟರಿಗೆ ಹಾಕಿಕೊಂಡಿದ್ದಳು.

ಅವನು ಮನೆಯಲ್ಲಿ ಬಾಯಿ ಬಿಡದಿದ್ದುದಕ್ಕೆ ಕಾರಣ ಡೇರಿ. ಅವ್ವ ಲಕ್ಕಮ್ಮ ಎರಡು ಹಸು ಸಾಕಿದ್ದಳು. ಬೆಳಿಗ್ಗೆ, ಸಂಜೆ ಊರೊಳಗಿನ ಡೇರಿಗೆ ಹಾಲು ಹಾಕುತ್ತಿದ್ದಳು. ಎಲ್ಲರ ಹಾಲು ಅಳೆದು ಮುಗಿದ ಮೇಲೆ ಕಾಲೋನಿಯವರ ಹಾಲು. ಹಾಗೆಂದು ಎಲ್ಲೂ ಬರೆದಿರಲಿಲ್ಲ. ಕೊರೋನಾ ವರ್ಷದಲ್ಲಿ ಕಾಲೋನಿಯ ಒಬ್ಬನಿಗೆ ಜ್ವರ ಬಂತು. ಊರಿನವರು ಕಾಲೋನಿಯ ದಾರಿಗೆ ಜಾಲಿಮುಳ್ಳು ಎಳೆದರು. ಅದೇ ವಾರ ಊರೊಳಗೂ ಮೂರು ಮನೆಯಲ್ಲಿ ಜ್ವರ ಇತ್ತು. ಅವುಗಳ ಮುಂದೆ ಮುಳ್ಳು ಇರಲಿಲ್ಲ. ಇಪ್ಪತ್ತೆರಡು ದಿನ ಕಾಲೋನಿಯ ಹಾಲನ್ನು ಡೇರಿ ತೆಗೆದುಕೊಳ್ಳಲಿಲ್ಲ. ಲಕ್ಕಮ್ಮ ಹಾಲು ಕರೆದು ಕರೆದು ಹಳೆಯ ಗಣಿಗುಂಡಿಗೆ ಸುರಿದಳು.

ಅಂದಿನಿಂದ ಕಾಲೋನಿಯಲ್ಲಿ ಯಾರಿಗೂ ಜ್ವರ ಬರುವುದಿಲ್ಲ. ಬಂದರೆ ಹೊರಗೆ ಹೇಳುವುದಿಲ್ಲ. ಬಸ್‌ಸ್ಟ್ಯಾಂಡಿನ ಮೆಡಿಕಲ್ ಶಾಪಿನ ಮೋಹನ್‌ಕುಮಾರನ ಹತ್ತಿರ ಹೋಗಿ ಒಂದು ಸೆಟ್ ಮಾತ್ರೆ ಎಂದರೆ ಸಾಕು. ಬಿಳಿಯದೊಂದು, ಹಳದಿಯದೊಂದು, ಕೆಂಪು ಕಪ್ಪಿನ ಆಂಟಿಬಯಾಟಿಕ್ ಕ್ಯಾಪ್ಸೂಲು ಒಂದು. ಹೊತ್ತಿಗೊಂದು ಸೆಟ್ಟು. ಸಂಜೆಯ ಹಾಲಿನ ಹೊತ್ತಿಗೆ ಜ್ವರ ಇಳಿದಿರಬೇಕು.

ಇದು ನಟರಾಜನಿಗೆ ಚೆನ್ನಾಗಿ ಗೊತ್ತಿತ್ತು. ಶಿವಯ್ಯನ ಮೈಯಲ್ಲಿ ಜೀವಂತ ಕ್ರಿಮಿ ಇದೆ, ಅದು ಹಾಲಿನಲ್ಲಿ ಇರುವಂಥದ್ದು ಎಂಬ ಒಂದೇ ಮಾತು ಡೇರಿಯ ಮೆಟ್ಟಿಲು ಮುಟ್ಟಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಅಷ್ಟೇ ಆಗಿದ್ದರೆ ಅವನು ಗುಟ್ಟಾಗಿ ಅಪ್ಪನ ಕಿವಿಯಲ್ಲಾದರೂ ಹೇಳುತ್ತಿದ್ದನೋ ಏನೋ. ಇನ್ನೊಂದು ಇತ್ತು. ಜೀವಮಾನವಿಡೀ ದೂರ ನಿಲ್ಲಿಸಿಕೊಂಡ ಮನುಷ್ಯನಿಗೆ, ನಿನ್ನ ರಕ್ತದಲ್ಲಿ ಕ್ರಿಮಿ ಬಿಟ್ಟಿದ್ದಾರೆ ಎಂದು ತಾನೇ ಹೇಳುವುದೇ? ಅಪ್ಪ ಕುಗ್ಗಿಹೋಗುತ್ತಾನೆ ಎಂದುಕೊಂಡ. ಹಾಗೆಂದು ಅಪ್ಪನನ್ನು ಕೇಳಿ ತಿಳಿದುಕೊಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ಮಂಚ ಬೇಕು ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದರು. ಒಂದು ಕಾರ್ಡು ಕೊಟ್ಟರು. ಏನಾದರೂ ಆದರೆ ಈ ನಂಬರಿಗೆ ಫೋನ್ ಮಾಡಿ ಎಂದರು.

ಭಾನುವಾರ ನಟರಾಜನಿಗೆ ಅರ್ಕಲಗೂಡಿನಲ್ಲಿ ಯಾವುದೋ ನೇಮಕಾತಿ ಪರೀಕ್ಷೆಯ ಮೇಲ್ವಿಚಾರಣೆ. ಸಂಜೆ ಐದೂವರೆಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಅವ್ವನ ಫೋನು ಬಂತು. ಲಕ್ಕಮ್ಮನಿಗೆ ಫೋನನ್ನು ಕಿವಿಗಿಟ್ಟು ಮಾತಾಡಿ ರೂಢಿಯಿಲ್ಲ. ಸ್ಪೀಕರ್ ಹಾಕಿ ಮುಂದೆ ಹಿಡಿಯುತ್ತಾಳೆ.

"ಮಗ, ನಿಮ್ಮಪ್ಪಂಗೆ ಮಧ್ಯಾನ್ನದಿಂದ ಮೈ ಬೆಂಕಿಯಾಗೈತೆ ಕಣಪ್ಪ. ನಡುಕ ಬಂದು ಮಂಚ ಅಲ್ಲಾಡ್ತದೆ. ಕಾರ್ಡಿನ ನಂಬ್ರಿಗೆ ಮೂರ್ ಸಲ ಮಾಡ್ದೆ, ಅದ್ಯಾವ್ದೋ ಹೆಣ್ಣು ಇಂಗ್ಲೀಸಲ್ಲಿ ಒಂದೇ ಸಮ ವದರ್ತದೆ. ನಾನ್ ಹಲೋ ಅಂದ್ರೂ ನಿಲ್ಸಕಿಲ್ಲ. ಮೋಹನ್‌ಕುಮಾರ ಸೆಟ್ ಮಾತ್ರೆ ಕೊಟ್ಟವ್ನೆ. ಮನೀಗ್ ಓದೇಟ್ಗೆ ಕೊಡ್ಲಾ?"

"ಅವ್ವ, ಎಲ್ಲಿದ್ದೀಯ ಈಗ?"

"ಡೇರೀಲಿ."

ಫೋನಿನೊಳಗಿನಿಂದಲೇ ಇನ್ನೊಂದು ದನಿ ಕೇಳಿತು. ಡೇರಿಯ ಕಾರ್ಯದರ್ಶಿ ಶಶಿಕುಮಾರನದು. "ಯಾರ್ಗ್ ಲಕ್ಕಮ್ಮ ಜ್ವರ? ಯಾವ್ ಜ್ವರ?"

"ಸುಮ್ಕೆ ಬಿಸ್ಲಿನ್ ಜ್ವರ ಬುದ್ಧಿ," ಎಂದಳು ಲಕ್ಕಮ್ಮ. ಆಮೇಲೆ ಫೋನಿಗೆ, "ಕೊಡ್ಲಾ ಮಗ?"

ನಟರಾಜನ ಬಾಯಲ್ಲಿ ಮಾತು ಸಿದ್ಧವಾಗಿತ್ತು. ಬೇಡ ಅವ್ವ, ಆ ಕೆಂಪು ಕಪ್ಪಿನದು ಮಾತ್ರ ಬೇಡ. ಅಷ್ಟು ಅಂದರೆ ಶಶಿಕುಮಾರ ಯಾಕೆ ಎನ್ನುತ್ತಾನೆ. ಅವ್ವ ಯಾಕೆ ಎನ್ನುತ್ತಾಳೆ. ಯಾಕೆ ಎಂಬುದಕ್ಕೆ ಉತ್ತರ ಸ್ಪೀಕರಿನಲ್ಲಿ ಬರುತ್ತದೆ.

"ಹೂಂ," ಎಂದ.

ಮನೆ ಮುಟ್ಟಿರುತ್ತಾಳೆ ಎಂದು ಹದಿನೈದು ನಿಮಿಷ ಬಿಟ್ಟು ಫೋನು ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. ಬಸ್ಸು ಇಳಿದು ಮನೆ ಸೇರಿದಾಗ ಏಳೂವರೆ. ಶಿವಯ್ಯ ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದ. ಹಣೆಯ ಮೇಲೆ ಬೆವರು.

"ಬುಡ್ತು ಕಣ್ಲಾ ಜ್ವರ," ಎಂದ. "ನಿಮ್ಮವ್ವ ಡಾಕ್ಟ್ರಿಗಿಂತ ಮೇಲು. ಬಿಳಿ ಕೋಟು ಒಂದ್ ಕಮ್ಮಿ."

"ಓದ್ ಜನ್ಮದಲ್ಲಿ ಆಗಿದ್ನೇನೋ," ಎಂದಳು ಲಕ್ಕಮ್ಮ. "ಈ ಜನ್ಮದಲ್ಲಿ ನಿಂಗ್ ಗಂಟ್ ಬಿದ್ದೆ."

ಇಬ್ಬರೂ ನಕ್ಕರು. ಮೂರು ತಿಂಗಳಲ್ಲಿ ಆ ಮನೆಯಲ್ಲಿ ಮೊದಲ ನಗು ಅದು. ನಟರಾಜ ಕಂಬಕ್ಕೆ ಒರಗಿ ನಿಂತ. ಒಂದು ಕ್ಯಾಪ್ಸೂಲು ಹೋಗಿಯಾಗಿದೆ. ಒಂದಕ್ಕೇ ಎಲ್ಲಾ ಸಾಯುತ್ತವೆಯೇ? ಈಗ ನಿಲ್ಲಿಸಿದರೆ ಉಳಿಯುತ್ತವೆಯೇ? ಹನ್ನೊಂದನೆಯ ಪುಟದಲ್ಲಿ ಅದು ಇರಲಿಲ್ಲ. ಈಗ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಹೇಳಲಿಲ್ಲ. ಸೋಮವಾರ ಎರಡು, ಮಂಗಳವಾರ ಎರಡು. ಅವ್ವ ಹೊತ್ತಿಗೆ ಸರಿಯಾಗಿ ಕೊಟ್ಟಳು. ಅವನು ನೋಡಿದ.

ಬುಧವಾರ ಮೂವರೂ ಹೊಳೆನರಸೀಪುರದಿಂದ ಬಸ್ಸಿನಲ್ಲಿ ಹಾಸನಕ್ಕೆ ಹೋದರು. ಹಂಸ ಪ್ರಶ್ನೆಗಳ ಹಾಳೆ ತೆಗೆದಳು. ಜ್ವರ ಬಂತೇ? ಎಷ್ಟು ದಿನ? ಏನಾದರೂ ಮಾತ್ರೆ?

ನಟರಾಜ ಬಾಯಿ ತೆರೆಯುವ ಮೊದಲೇ ಲಕ್ಕಮ್ಮ ಕೈಚೀಲಕ್ಕೆ ಕೈ ಹಾಕಿದಳು. ಕ್ಯಾಪ್ಸೂಲಿನ ಖಾಲಿ ಪಟ್ಟಿಯನ್ನು ನೀವಿ ಮೇಜಿನ ಮೇಲೆ ಇಟ್ಟಳು. "ನೀವು ಫೋನ್ ಎತ್ನಿಲ್ಲ ಕಣವ್ವ. ನಾನೇ ವಾಸಿ ಮಾಡ್ಕೊಂಡೆ. ಒಂದೂ ತಪ್ಪಿಸ್ದಂಗೆ ಕೊಟ್ಟಿವ್ನಿ, ನೋಡಿ."

ಹಂಸ ಪಟ್ಟಿಯನ್ನು ಎತ್ತಿ ಹೆಸರು ಓದಿದಳು. ಎದ್ದು ಒಳಗೆ ಹೋದಳು. ಇಪ್ಪತ್ತು ನಿಮಿಷ ಬರಲಿಲ್ಲ. ಬಂದಾಗ ಡಾಕ್ಟರ್ ಕೇದಾರ್ ಜೊತೆಗಿದ್ದರು.

"ಸಾರಿ. ಆಂಟಿಬಯಾಟಿಕ್ ತಗೊಂಡಿದ್ದಾರೆ. ಇನ್ನು ಟ್ರಯಲ್‌ನಲ್ಲಿ ಮುಂದುವರಿಸೋಕೆ ಬರಲ್ಲ," ಎಂದರು ನಟರಾಜನಿಗೆ.

"ಏನಂತೆ?" ಎಂದ ಶಿವಯ್ಯ.

ಡಾಕ್ಟರು ನಟರಾಜನನ್ನೇ ನೋಡುತ್ತಿದ್ದರು.

"ಸಾ, ನನ್ ಕಡೆ ನೋಡ್ಕಂಡ್ ಹೇಳಿ. ಕಾಯ್ಲೆ ನಂದು. ಅದೇನ್ ಔಷ್ದಿ, ಏನ್ ತಪ್ಪಾಯ್ತು, ಒಂದ್ಸಲ ಬುಡಿಸ್ ಹೇಳಿ."

ಡಾಕ್ಟರು ಕುರ್ಚಿ ಎಳೆದು ಕೂತರು. ಹೇಳಿದರು. ಕನ್ನಡದಲ್ಲಿ, ಚೆನ್ನಾಗಿಯೇ ಹೇಳಿದರು. ಬಲ ತೆಗೆದ ಬ್ಯಾಕ್ಟೀರಿಯಾ, ಅಂದರೆ ಕ್ರಿಮಿ. ಅದನ್ನು ಕಂಡು ಮೈ ಏಳುವುದು. ಜ್ವರ. ಜ್ವರ ಒಳ್ಳೆಯದು. ಈ ಕ್ಯಾಪ್ಸೂಲು ಆ ಕ್ರಿಮಿಯನ್ನು ಕೊಂದಿತು. ಎಲ್ಲ ಸೇರಿ ಮೂರು ನಿಮಿಷ. ಗೋಡೆಯ ಗಡಿಯಾರದಲ್ಲಿ ನಟರಾಜ ನೋಡಿದ. ಮೂರೇ ನಿಮಿಷ ಸಾಕಾಯಿತು.

ಶಿವಯ್ಯ ಕೇಳಿಸಿಕೊಂಡ. ಆಮೇಲೆ ನಕ್ಕ. ಕೆಮ್ಮು ಬರುವ ತನಕ ನಕ್ಕ.

"ಕ್ರಿಮೀನಾ? ನನ್ನೊಳ್ಗೆ? ಊರ್ನೋರು ಇಷ್ಟ್ ವರ್ಸ ಸುಳ್ಳೇ ಹೇಳ್ತಿದ್ರು ಸಾ. ನೀವ್ ನಿಜ ಮಾಡ್ಬುಟ್ರಲ್ಲ." ಎದೆ ಹಿಡಿದುಕೊಂಡು ಉಸಿರು ಎಳೆದ. "ಅಲ್ಲ ಸಾ, ಇದ್ನ ಮೊದ್ಲೇ ಹೇಳಕ್ಕೇನಾಗಿತ್ತು? ಒಳ್ಳೆ ಕ್ರಿಮಿ, ಕಾಪಾಡ್ಕ ಅಂದಿದ್ರೆ ಕಾಪಾಡ್ಕಂತಿದ್ದೆ. ಎಷ್ಟ್ ಜ್ವರ ಬಂದ್ರೂ ಕಚ್ಕಂಡ್ ಮಲೀಕಂತಿದ್ದೆ. ದನ ಕಾದೋನು ನಾನು. ಕ್ರಿಮಿ ಕಾಯಕ್ಕೆ ಬರಕಿಲ್ವಾ?"

ನಟರಾಜ ನೆಲ ನೋಡಿದ. ಅಪ್ಪ ಕುಗ್ಗಿರಲಿಲ್ಲ.

ಲಕ್ಕಮ್ಮ ಮೇಜಿನ ಮೇಲಿದ್ದ ಪಟ್ಟಿಯನ್ನು ನೋಡುತ್ತಿದ್ದಳು. "ನಾನೇ ಕೊಂದ್ನಾ?" ಎಂದಳು. ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ನಟರಾಜನಿಗೆ ಕೇಳಿಸಿತು.

ಹಂಸ ಒಂದು ಹಾಳೆ ತಂದಳು. ಇದು ಮಾತ್ರ ಕನ್ನಡದಲ್ಲಿತ್ತು. ಅಚ್ಚಾಗಿ ಸಿದ್ಧವಾಗಿತ್ತು. "ತಾತ, ಇಲ್ಲೊಂದು ಹೆಬ್ಬೆಟ್ಟು."

"ಏನ್ ಬರ್ದೈತೆ ಓದ್ಲಾ," ಎಂದ ಶಿವಯ್ಯ ಮಗನಿಗೆ.

ನಟರಾಜ ಓದಿದ. "ನಾನು ನನ್ನ ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಈ ಅಧ್ಯಯನದಿಂದ ಹೊರಬರುತ್ತಿದ್ದೇನೆ."

"ಫಾರ್ಮಾಲಿಟಿ ಅಷ್ಟೆ," ಎಂದರು ಡಾಕ್ಟರು. "ಪ್ರೋಟೋಕಾಲ್ ತಪ್ಪಾಯ್ತು ಅಂತ ಬರೆದರೆ ಮೇಲಿನವರು ಹತ್ತು ಪ್ರಶ್ನೆ ಕೇಳ್ತಾರೆ. ಇದಕ್ಕೆ ಒತ್ತಿಬಿಟ್ಟರೆ ಇಲ್ಲೇ ಕಿಮೋ ಮುಂದುವರಿಸೋ ಹಾಗೆ ನಾನು ಮ್ಯಾನೇಜ್‌ಮೆಂಟಿಗೆ ಹೇಳ್ತೀನಿ."

ಹತ್ತು ಪ್ರಶ್ನೆ ಯಾವುವೆಂದು ನಟರಾಜನಿಗೆ ಹೊಳೆಯಿತು. ಕನ್ನಡದ ಪತ್ರ ಎಲ್ಲಿ? ರೋಗಿಗೆ ಯಾರು ತಿಳಿಸಿ ಹೇಳಿದರು? ಭಾನುವಾರ ಫೋನು ಯಾಕೆ ಎತ್ತಲಿಲ್ಲ?

ಶಿವಯ್ಯ ಹಾಳೆಯನ್ನು ತೆಗೆದುಕೊಂಡ. ಓದಲು ಬಾರದವನು ಅದನ್ನು ಬಹಳ ಹೊತ್ತು ನೋಡಿದ. ಮೇಜಿನ ಮೇಲೆ ಮಗುಚಿ ಇಟ್ಟ.

"ಒತ್ತಕಿಲ್ಲ."

"ತಾತ, ಸುಮ್ನೆ ಒಂದು..."

"ಒತ್ತಕಿಲ್ಲ ಅಂದ್ನಲ್ಲವ್ವ. ಗಣಿ ಮುಚ್ದಾಗ್ಲೂ ಇಂಥದ್ದೇ ಒಂದ್ ಹಾಳೆ ತಂದ್ರು. ನೂರಾ ಎಂಟ್ ಜನ ಸಾಲಾಗ್ ನಿಂತು ಒತ್ತುದ್ವಿ. ಆಮ್ಯಾಕೆ ಗೊತ್ತಾಯ್ತು, ಸ್ವಇಚ್ಛೆಯಿಂದ ಕೆಲ್ಸ ಬುಟ್ಟಿವ್ನಿ ಅಂತ ಬರ್ಸಿದ್ರಂತೆ. ನಂಗ್ಯಾವ್ ಇಚ್ಛೆ ಇತ್ತು ಸಾ? ಚೀಲಕ್ಕಿಳಿಯೋದು ನನ್ನಿಚ್ಛೆನಾ? ಈ ಕಾಯ್ಲೆ ನನ್ನಿಚ್ಛೆನಾ? ನಾನ್ ಇಲ್ಲಿಂದ ಓಯ್ತಾ ಇಲ್ಲ. ನೀವ್ ತಗೀತಾ ಇದ್ದೀರ. ತಗುದ್ವಿ ಅಂತ ಬರೀರಿ. ಯಾಕ್ ತಗುದ್ರಿ ಅಂತ್ಲೂ ಬರೀರಿ. ನಂಗೆ ಹೇಳ್ದೆ ಹಾಕುದ್ರಿ, ಹೇಳ್ದೆ ಇದ್ದುದ್ಕೇ ಅದು ಸತ್ತೋಯ್ತು ಅಂತ ಬರೀರಿ. ಅದ್ಕಾದ್ರೆ ಎರಡ್ ಕೈದೂ ಒತ್ತೀನಿ."

"ವಿಡಿಯೋ ಇದೆ," ಎಂದಳು ಹಂಸ. "ಎಲ್ಲಾ ಅರ್ಥ ಆಯ್ತು ಅಂತ ನೀವೇ ಹೇಳಿದ್ದೀರ."

"ಅನ್ನು ಅಂತ ನೀವ್ ಹೇಳ್ಕೊಟ್ರಿ, ಅಂದೆ. ಇನ್ನೊಂದ್ ಹೇಳ್ಕೊಡಿ, ಅದ್ನೂ ಅಂತೀನಿ."

ಡಾಕ್ಟರ್ ಕೇದಾರ್ ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ನಟರಾಜನ ಕಡೆ ತಿರುಗಿದರು. "ನಿಮ್ಮ ಮಗ ಓದಿದ್ದಾರೆ ಶಿವಯ್ಯ. ಇಪ್ಪತ್ತೆರಡು ಪುಟಾನೂ ಓದಿ ಸಾಕ್ಷಿ ರುಜು ಹಾಕಿದ್ದಾರೆ. ನಿಮಗೆ ಹೇಳೋ ಜವಾಬ್ದಾರಿ ಅವರು ತಗೊಂಡಿದ್ರು. ಅವರನ್ನೇ ಕೇಳಿ."

ಅವ್ವ ತಲೆಯೆತ್ತಿ ಮಗನನ್ನು ನೋಡಿದಳು.

ಶಿವಯ್ಯ ಮಗನ ಕಡೆ ತಿರುಗಲೂ ಇಲ್ಲ.

"ಅವುನ್ನ ಯಾಕ್ ಕೇಳ್ಲಿ? ನನ್ ಮಗಂಗೆ ಗೊತ್ತಿದ್ರೆ ನಂಗೆ ಹೇಳ್ದೆ ಇರ್ತಿದ್ನಾ? ಇಪ್ಪತ್ತೆರ್ಡ್ ಪುಟ ಇಂಗ್ಲೀಸಲ್ಲಿ ಬರ್ದು, ನಿಂತ್ಕಾಲಲ್ಲಿ ಓದು ಅಂದ್ರೆ ಯಾರ್ಗ್ ಗೊತ್ತಾಯ್ತದೆ? ನಿಮ್ ತಪ್ನ ನನ್ ಮಗನ್ ತಲೆಮ್ಯಾಕೆ ಕಟ್ಬ್ಯಾಡಿ ಸಾ. ಏಳ್ಲಾ ನಟರಾಜ. ಏಳು, ಓಗಾನ."

ಅವನು ಎದ್ದ. ಒತ್ತದ ಹಾಳೆ ಮೇಜಿನ ಮೇಲೆ ಉಳಿಯಿತು.

ಹೊರಗೆ ಬಂದು ಬಸ್ಸು ಹತ್ತಿದರು. ಮೊಸಳೆಹೊಸಹಳ್ಳಿ ದಾಟಿದ ಮೇಲೆ ಲಕ್ಕಮ್ಮ ಅತ್ತಳು. "ಸುಮ್ಕಿರಮ್ಮಿ," ಎಂದ ಶಿವಯ್ಯ. "ನಿಂಗೂ ಯಾರೂ ಹೇಳಿರ್ನಿಲ್ಲ. ಯಾರೂ ಹೇಳ್ದೆ ಇದ್ರೆ ನೀನ್ ಹೆಂಗ್ ತಿಳ್ಕಂತೀಯ?"

ಅವಳ ಅಳು ನಿಲ್ಲಲಿಲ್ಲ. ಅಂದಿನಿಂದ ಅವಳು ಯಾರಿಗೂ ಮಾತ್ರೆ ಕೊಡಲಿಲ್ಲ. ತಲೆನೋವಿನದನ್ನು ಕೂಡ ಮುಟ್ಟಲಿಲ್ಲ. ಹೊತ್ತು ಹೊತ್ತಿಗೆ ಅಪ್ಪನಿಗೆ ಮಾತ್ರೆ ಕೊಡುವುದು ನಟರಾಜನ ಕೆಲಸವಾಯಿತು.

ಮಾರನೆಯ ಸಂಜೆ ಶಿವಯ್ಯ ಹಾಲಿನ ಕ್ಯಾನನ್ನು ತಾನೇ ಹಿಡಿದು ಡೇರಿಗೆ ಹೋದ. ಕೆಮ್ಮುತ್ತಾ, ಮೂರು ಕಡೆ ಕೂತು ಎದ್ದು ಹೋದ. ಎಲ್ಲರೂ ನಿಂತಿದ್ದರು. ತನ್ನ ಸರದಿ ಬರುವವರೆಗೆ ಕಾಯಲಿಲ್ಲ.

"ಶಶಿಕುಮಾರಪ್ಪ, ಒಂದ್ ಇಚಾರ. ನಂಗೆ ಹಾಸನದಲ್ಲಿ ಜೀವ ಇರೋ ಕ್ರಿಮಿ ಹಾಕಿದ್ರು. ನಮ್ಮೋಳು ಗೊತ್ತಿಲ್ದೆ ಮಾತ್ರೆ ಕೊಟ್ಟು ಕೊಂದಾಕುದ್ಲು. ಈಗ ಇಲ್ಲ. ಇದ್ದಿದ್ರೆ ಇನ್ನೊಂದಷ್ಟ್ ದಿನ ಬದುಕ್ತಿದ್ದೆ. ನಿಮ್ಗೂ ಗೊತ್ತಿರ್ಲಿ ಅಂತ ಹೇಳ್ದೆ."

ಸಾಲು ಹಿಂದಕ್ಕೆ ಸರಿಯಿತು. ಶಶಿಕುಮಾರ ಅಳೆಯುವ ಪಾತ್ರೆಯನ್ನು ಕೆಳಗಿಟ್ಟ. "ಇನ್ಮೇಲೆ ನಿಮ್ಮ ಹಾಲು ಬ್ಯಾಡ ಶಿವಯ್ಯ. ಜನ ಏನಂತಾರೆ?"

"ಜನ ಅಂದದ್ನ ಎಂದೋ ಕೇಳಿವ್ನಿ. ನೀನ್ ಏನಂತೀಯ ಅದ್ನ ಬರ್ದ್ ಕೊಡು."

ಬರೆದು ಕೊಡಲಿಲ್ಲ. ಹಾಲನ್ನೂ ತೆಗೆದುಕೊಳ್ಳಲಿಲ್ಲ. ಶಿವಯ್ಯ ಮೆಟ್ಟಿಲ ಮೇಲೆ ಕೂತ. ಬೆಳಿಗ್ಗೆ ಬಂದು ಕೂತ, ಸಂಜೆ ಬಂದು ಕೂತ. ಪ್ರತಿ ಹೊತ್ತೂ ತನ್ನ ಕ್ಯಾನಿನಿಂದ ಒಂದು ಲೋಟ ಹಾಲು ಬಗ್ಗಿಸಿ, ಎಲ್ಲರೂ ನೋಡುವಂತೆ ಕುಡಿದ. ನಾಲ್ಕನೆಯ ದಿನ ಕಾಲೋನಿಯ ಹದಿನೇಳು ಮನೆಯವರೂ ಕ್ಯಾನು ಹಿಡಿದು ಬಂದು ಅವನ ಪಕ್ಕ ಕೂತರು. ಊರಿನವರು ಅವರನ್ನು ದಾಟದೆ ಒಳಗೆ ಹೋಗುವಂತಿರಲಿಲ್ಲ. ಐದನೆಯ ದಿನ ಶಶಿಕುಮಾರ ಹಾಲು ಅಳೆದ. ಕೊನೆಯಲ್ಲೇ ಅಳೆದ. ಆದರೆ ಅಳೆದ.

ನಟರಾಜ ಇಷ್ಟಕ್ಕೆ ಹೆದರಿದ್ದ. ನಾಲ್ಕು ದಿನದ ಹಾಲಿಗೆ.

ಕಿಮೋ ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಆಯಿತು. ಬರೀ ಕಿಮೋ. ಶಿವಯ್ಯನ ಕೂದಲು ಹೋಯಿತು, ಬಾಯಿ ಹುಣ್ಣಾಯಿತು. ಪಕ್ಕೆಯ ನೀರು ಮತ್ತೆ ತುಂಬಿತು. ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದ ಮಗಳು ನೇತ್ರಾ ಬಂದು ಹದಿನೈದು ದಿನ ಇದ್ದು ಹೋದಳು. ಕಾಲೋನಿಯಲ್ಲಿ ಕೆಮ್ಮುವವರು ಇನ್ನೂ ಹನ್ನೊಂದು ಜನ ಇದ್ದರು. ಅವರು ಸಂಜೆಗೊಬ್ಬರಂತೆ ಬಂದು ಶಿವಯ್ಯನ ಹತ್ತಿರ ಕೂತು ಆಸ್ಪತ್ರೆಯ ವಿಷಯ ಕೇಳುತ್ತಿದ್ದರು. ಅವನು ಎಲ್ಲ ಹೇಳುತ್ತಿದ್ದ. ಕ್ರಿಮಿ, ಜ್ವರ, ಕ್ಯಾಪ್ಸೂಲು. ಡಾಕ್ಟರಿಗಿಂತ ಚೆನ್ನಾಗಿ ಹೇಳುತ್ತಿದ್ದ. "ನಿಮ್ಗೇನಾದ್ರೂ ಹಾಕುದ್ರೆ ಜ್ವರಾನ ಬುಟ್ಕೊಡ್ಬ್ಯಾಡ್ರಿ. ಕೂಸ್ನಂಗೆ ಕಾಪಾಡ್ಕಳಿ," ಎನ್ನುತ್ತಿದ್ದ.

ಆರನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಮಗನನ್ನು ಕರೆದು ಕೂರಿಸಿದ. ಉಸಿರು ಸಾಲುತ್ತಿರಲಿಲ್ಲ. ಎರಡು ಮಾತಿಗೊಮ್ಮೆ ನಿಲ್ಲಿಸುತ್ತಿದ್ದ.

"ಒಂದ್ ಅರ್ಜಿ ಬರಿ. ಪರ್ಯೋಗ ನಡ್ಸೋರ ಮ್ಯಾಲೆ ಒಂದ್ ಕಮಿಟಿ ಇರ್ತದೆ ಅಂದ್ಯಲ್ಲ, ಅವ್ರಿಗೆ. ನಾಳೆ ಇವ್ರೆಲ್ಲಾ ಅಲ್ಲಿಗೋಯ್ತಾರೆ. ಇವ್ರಿಗಾದ್ರೂ ಹೇಳಿ ಹಾಕ್ಲಿ."

ನಟರಾಜ ಹಾಳೆ ತಂದ. ಅಪ್ಪ ಹೇಳಿದ, ಅವನು ಬರೆದ. ಚೀಲದ ಕೆಲಸ ಬರೆದ. ಕನ್ನಡದ ಪತ್ರ ಇಲ್ಲದ್ದು ಬರೆದ. ಮೂರು ಸಲ ಫೋನು ಮಾಡಿದ್ದು, ಸ್ವಇಚ್ಛೆಯ ಹಾಳೆ, ಒತ್ತದೆ ಬಂದದ್ದು ಬರೆದ. ಎಲ್ಲವೂ ನಿಜ.

"ಕೊನೀಗ್ ಇದ್ನ ಬರಿ," ಎಂದ ಶಿವಯ್ಯ. "ಜ್ವರ ಬಂದ್ರೆ ಆ ಮಾತ್ರೆ ತಗಬಾರ್ದು ಅಂತ ನಮ್ ಮನೇಲಿ ಯಾರ್ಗೂ ಗೊತ್ತಿರ್ನಿಲ್ಲ."

ಪೆನ್ನು ನಿಂತಿತು.

"ಬರ್ದ್ಯಾ?"

"ಬರೀತಿದ್ದೀನಿ ಅಪ್ಪ."

"ಯಾರ್ಗೂ ಅನ್ನೋದ್ನ ಒತ್ತಿ ಬರಿ. ಓದ್ದೋರ್ಗೂ ಗ್ವತ್ತಾಗ್ದಂಗೆ ಬರ್ದಿದ್ರು ಅಂತ ಅವ್ರಿಗೆ ತಿಳೀಲಿ."

ನಟರಾಜ ಬರೆದ. ಶಿವಯ್ಯ ಅದನ್ನು ಓದಿಸಿ ಕೇಳಿದ. ತಲೆಯಾಡಿಸಿದ. ಎಡಗೈ ಹೆಬ್ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹಾಳೆಯ ಮೇಲೆ ಒತ್ತಿ, ಬಹಳ ಹೊತ್ತು ತೆಗೆಯಲಿಲ್ಲ.

ಅರ್ಜಿ ಹೋಯಿತು. ಒಂಬತ್ತು ದಿನಕ್ಕೆ ಶಿವಯ್ಯ ತೀರಿಕೊಂಡ. ಉತ್ತರ ಅವನ ತಿಥಿಯಾದ ಮೇಲೆ ಬಂತು. ಇಂಗ್ಲಿಷಿನಲ್ಲಿತ್ತು. ರೋಗಿಯ ಮಗ ಪದವೀಧರರು, ಸಂಪೂರ್ಣ ಒಪ್ಪಿಗೆ ಪತ್ರವನ್ನು ಓದಿ ಸಾಕ್ಷಿಯಾಗಿ ಸಹಿ ಮಾಡಿದ್ದಾರೆ, ಆದ್ದರಿಂದ ಲೋಪ ಕಂಡುಬಂದಿಲ್ಲ ಎಂದು ಬರೆದಿದ್ದರು. ಏನಂತೆ ಎಂದು ಅವ್ವ ಕೇಳಿದಳು. ವಿಚಾರಣೆ ಮಾಡುತ್ತಾರಂತೆ ಎಂದ.

ಹನ್ನೊಂದನೆಯ ಪುಟವನ್ನು ತಾನು ಎರಡು ಸಲ ಓದಿದ್ದೆ ಎಂದು ನಟರಾಜ ಅಪ್ಪನಿಗೆ ಹೇಳಲಿಲ್ಲ. ಕ್ರಿಮಿಯನ್ನು ಕೊಂದವಳು ನೀನಲ್ಲ ಎಂದು ಅವ್ವನಿಗೂ ಹೇಳಲಿಲ್ಲ.